ತಳಕ್ಕೆ ಬಿದ್ದ ಎರ್ರಕುಂಟೆಯ ಚೀಟಿ

ಯಾರಾದರೂ ನಮಸ್ಕಾರ ಹೇಳಿದರೆ ಕೋದಂಡಪ್ಪನಿಗೆ ಮೊದಲು ಬರುತ್ತಿದ್ದ ಯೋಚನೆ, ಇವನಿಗೆ ನನ್ನಿಂದ ಏನಾಗಬೇಕಾಗಿದೆ ಎಂಬುದು. ಹೇಳದೆ ಹೋದರೆ, ಏನೋ ಮಾಡಿ ಬಂದಿದ್ದಾನೆ, ಅದಕ್ಕೇ ಮುಖ ತಪ್ಪಿಸುತ್ತಿದ್ದಾನೆ ಎಂಬುದು. ಅಂಗಡಿಯಲ್ಲಿ ಕೊಂಡ ಬೆಲ್ಲವನ್ನು ಪಕ್ಕದ ಅಂಗಡಿಯ ತಕ್ಕಡಿಗೆ ಹಾಕಿಸಿ ನೋಡುತ್ತಿದ್ದ. ಎರಡೂ ತೂಕ ಸರಿಹೋದರೆ, ಇಬ್ಬರು ಅಂಗಡಿಯವರೂ ಒಳಗೊಳಗೇ ಮಾತಾಡಿಕೊಂಡಿದ್ದಾರೆ ಎಂದು ಮನೆಗೆ ಬಂದು ಹೆಂಡತಿ ಅಮ್ಮಾಜಮ್ಮನಿಗೆ ಹೇಳುತ್ತಿದ್ದ. ಆಕೆ ಒಲೆಯ ಮುಂದೆ ಕೂತು ಹೂಂಗುಟ್ಟುತ್ತಿದ್ದಳು. ಹೂಂ ಅಂದದ್ದು ಸ್ವಲ್ಪ ಬೇಗ ಆಯಿತೆನಿಸಿದರೆ ಅವಳ ಕಡೆಗೂ ಒಂದು ಓರೆ ನೋಟ ಬೀಳುತ್ತಿತ್ತು.

ಇದಕ್ಕೆ ಅವನೊಬ್ಬನನ್ನೇ ದೂರಬಾರದು. ಅವನಪ್ಪ ಕೋರಮಂಡಲ್ ಚಿನ್ನದ ಗಣಿಯಲ್ಲಿ ಕೆಳಗಿಳಿದು ದುಡಿದವನು. ಪಾಳಿ ಮುಗಿಸಿ ಮೇಲೆ ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ, ಬಾಯಿ ತೆರೆಸಿ, ತಲೆಗೂದಲು ಕೆದಕಿ, ಎಲ್ಲಾದರೂ ಚಿನ್ನದ ಚೂರು ಬಚ್ಚಿಟ್ಟಿದ್ದಾರೋ ಎಂದು ತಡಕುತ್ತಿದ್ದರು. ಅಪ್ಪ ಊರಿಗೆ ಬಂದಾಗ ಅದನ್ನು ನಗುತ್ತಲೇ ಹೇಳುತ್ತಿದ್ದ. ಅಕ್ಕ ಅಕ್ಕಯ್ಯಮ್ಮನೂ ನಗುತ್ತಿದ್ದಳು. ಕೋದಂಡಪ್ಪ ಮಾತ್ರ ನಗಲಿಲ್ಲ. ಮನುಷ್ಯರನ್ನು ತಡಕಿಯೇ ಒಳಗೆ ಬಿಡಬೇಕು ಎಂಬುದು ಆ ವಯಸ್ಸಿಗೇ ಅವನ ಮನಸ್ಸಿನಲ್ಲಿ ಕೂತುಬಿಟ್ಟಿತು.

ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ, ಎಪ್ಪತ್ತರ ದಶಕದ ಮೊದಲಿಗೆ, ಅವನಿಗೆ ಬಂಗಾರಪೇಟೆಯ ಮುನೇಶ್ವರ ಪಶುಸೇವಾ ಸಂಘದಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತು. ಸುತ್ತಲ ಹಳ್ಳಿಗಳಲ್ಲಿ ಸೀಮೆ ಹಸು ಕಟ್ಟುವ ಹುರುಪು ಶುರುವಾಗಿದ್ದ ಕಾಲ. ಹಸು ಬೆದೆಗೆ ಬಂದರೆ ಹೋರಿ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಒಂದು ಚೀಟಿಯಲ್ಲಿ ಹೆಸರು, ಊರು ಬರೆದು ಬೆಳಗಿನ ಹಾಲಿನ ವ್ಯಾನಿಗೆ ಕೊಟ್ಟರೆ, ಸಂಘದವರು ಬಂದು ಗಬ್ಬ ನಿಲ್ಲುವ ಸೂಜಿ ಹಾಕಿ ಹೋಗುತ್ತಿದ್ದರು. ಆದರೆ ಬೆದೆ ಯಾರಿಗೂ ಕಾಯುವುದಿಲ್ಲ. ಹಿಂದಿನ ಸಂಜೆ ಬೆದೆ ಕಂಡ ಹಸುವಿಗೆ ಮರುದಿನ ಮಧ್ಯಾಹ್ನದೊಳಗೆ ಸೂಜಿ ಬೀಳಬೇಕು. ತಡವಾದರೆ ಗಬ್ಬ ನಿಲ್ಲದು, ಮತ್ತೆ ಮೂರು ವಾರ ಕಾಯಬೇಕು. ಅದಕ್ಕೇ ಹಳ್ಳಿ ಹಳ್ಳಿಗಳ ನಡುವೆ 'ನನಗೆ ಮೊದಲು, ನನಗೆ ಮೊದಲು' ಎಂದು ಜಗಳವೆದ್ದು, ಕೊನೆಗೆ ಸಂಘ ಒಂದು ಕಟ್ಟಳೆ ಮಾಡಿತು. ಯಾರ ಚೀಟಿ ಮೊದಲು ವ್ಯಾನು ಹತ್ತಿತೋ ಅವರ ಹಸುವಿಗೆ ಮೊದಲು ಸೂಜಿ. ಪಟ್ಟಿಯ ಸಾಲು ದಾಟಿ ಯಾರ ಮನೆಗೂ ಹೋಗಕೂಡದು.

ವ್ಯಾನು ಹೊರಡುತ್ತಿದ್ದದ್ದು ಎಲ್ಲಕ್ಕಿಂತ ದೂರದ ಎರ್ರಕುಂಟೆಯಿಂದ. ಡ್ರೈವರ್ ಮುನಿಶಾಮಿ ಒಂದೊಂದು ಊರಿನ ಚೀಟಿಯನ್ನೂ ಕ್ಲಿಪ್ಪಿಗೆ ಒಂದರ ಮೇಲೊಂದು ಸಿಕ್ಕಿಸುತ್ತ ಬರುತ್ತಿದ್ದ. ಹೀಗಾಗಿ ಬಂಗಾರಪೇಟೆ ಮುಟ್ಟುವಾಗ ಎರ್ರಕುಂಟೆಯದು ತಳದಲ್ಲಿ, ಪೇಟೆಗೆ ಅಂಟಿಕೊಂಡ ಹೊಸಕೆರೆಪಾಳ್ಯದ್ದು ಮೇಲೆ ಇರುತ್ತಿತ್ತು. ಕೋದಂಡಪ್ಪ ಆ ಕಟ್ಟನ್ನು ತನ್ನ ಮೇಜಿಗೆ ಒಯ್ದು, ಮೇಲಿನಿಂದ ಒಂದೊಂದನ್ನೇ ಎತ್ತಿ, ಸಹಿ ಕಳ್ಳಸಹಿಯೋ ಎಂದು ಬೆಳಕಿಗೆ ಹಿಡಿದು ನೋಡಿ, ಸೀಲು ಒತ್ತಿ, ಪಕ್ಕದಲ್ಲಿ ಒಂದರ ಮೇಲೊಂದು ಇಡುತ್ತಿದ್ದ. ಇಟ್ಟು ಮುಗಿಯುವಷ್ಟರಲ್ಲಿ ಕಟ್ಟು ತಾನಾಗಿಯೇ ಮಗುಚಿ ಎರ್ರಕುಂಟೆ ಮೇಲೆ ಬಂದಿರುತ್ತಿತ್ತು. ಅದನ್ನೇ ನೋಡಿಕೊಂಡು ಪಟ್ಟಿ ಬರೆಯುತ್ತಿದ್ದ. ಇಪ್ಪತ್ತು ವರ್ಷ ಇದೇ ನಡೆಯಿತು. ಯಾರೂ ಅವನ ಪಟ್ಟಿಯಲ್ಲಿ ತಪ್ಪು ಹಿಡಿಯಲಿಲ್ಲ. ಅವನು ಆ ಕೆಲಸ ಮಾಡುವಾಗ ಎಡಗೈಯನ್ನು ಮೇಜಿನ ಮೇಲೆ ಅಡ್ಡ ಇಟ್ಟುಕೊಳ್ಳುತ್ತಿದ್ದುದರಿಂದ ಯಾರೂ ನೋಡಿಯೂ ಇರಲಿಲ್ಲ.

ತೊಂಬತ್ತರ ದಶಕದಲ್ಲಿ ಸಂಘಕ್ಕೆ ಕಂಪ್ಯೂಟರು ಬಂತು. ಜತೆಗೆ ಮಾರಿಯಮ್ಮ ಬಂದಳು. ನಂದಿದುರ್ಗ ಗಣಿಯ ಕೂಲಿಗಳ ಲೈನ್ ಮನೆಯ ಹುಡುಗಿ, ಆ ಗಣಿಯಲ್ಲೇ ದುಡಿದ ಕುಪ್ಪುಸ್ವಾಮಿ ಎಂಬುವನ ಮಗಳು. ದಿನವೂ ರೈಲಿನಲ್ಲಿ ಬಂದು ಹೋಗುತ್ತಿದ್ದಳು. ಕಂಪ್ಯೂಟರಿಗೆ ಅದರದೇ ಭಾಷೆಯಲ್ಲಿ, ಇಂತಿಂಥದ್ದು ಮಾಡು ಎಂದು ನಾಲ್ಕಾರು ಸಾಲು ಬರೆದಿಡಲು ಕಲಿತಿದ್ದಳು. ಅಂಥದ್ದಕ್ಕೆ ಸ್ಕ್ರಿಪ್ಟ್ ಎನ್ನುತ್ತಾರೆ ಎಂದು ಕಾರ್ಯದರ್ಶಿ ಸೀನಪ್ಪನವರಿಗೆ ಹೇಳಿದಳು. ಇನ್ನು ಮುಂದೆ ಕೋದಂಡಪ್ಪ ಪಟ್ಟಿ ಬರೆಯಬೇಕಾಗಿಲ್ಲ, ಚೀಟಿಗೆ ಸೀಲು ಒತ್ತಿ ಕೊಟ್ಟರೆ ಸಾಕು ಎಂದರು ಸೀನಪ್ಪನವರು. ಇವತ್ತು ಪಟ್ಟಿ ಹೋಯಿತು, ನಾಳೆ ಸೀಲು, ನಾಡಿದ್ದು ಕುರ್ಚಿ ಎಂದು ಕೋದಂಡಪ್ಪನಿಗೆ ಅಲ್ಲಿಯೇ ಅರ್ಥವಾಗಿಬಿಟ್ಟಿತು.

ಮೊದಲ ದಿನವೇ ಅವಳು ಅವನ ಮೇಜಿನ ಹತ್ತಿರ ಬಂದು ನಿಂತಳು.

"ಸಾರ್, ಈ ಚೀಟಿ ಎಲ್ಲಾ ನೀವು ಏನ್ ಮಾಡ್ತೀರಿ, ಹೆಂಗ್ ಇಡ್ತೀರಿ, ಸ್ವಲ್ಪ ಹೇಳ್ತೀರಾ?"

"ಯಾಕಮ್ಮ? ನನ್ ಕೆಲ್ಸ ನಿಂಗ್ಯಾಕೆ? ನಿನ್ ಕೆಲ್ಸ ನೀ ನೋಡ್ಕ ಓಗು," ಎಂದು ಅವನು ಎಡಗೈಯನ್ನು ಇನ್ನಷ್ಟು ಅಡ್ಡ ತಂದ.

ಅವಳು ಹೋಗಿ ಮುನಿಶಾಮಿಯನ್ನು ಕೇಳಿದಳು. ಅವನು ತಾನು ಚೀಟಿ ಸಿಕ್ಕಿಸಿ ತರುವ ರೀತಿಯನ್ನು ತಮಿಳಿನಲ್ಲಿ ಬಿಡಿಸಿ ಹೇಳಿದ. ಅಷ್ಟೇ ಅವಳಿಗೆ ಸಾಕಾಯಿತು. ಮರುದಿನ ಕೋದಂಡಪ್ಪ ಯಾರದೋ ಮದುವೆಗೆ ರಜೆ ಹಾಕಿದ್ದಾಗ ಮುನಿಶಾಮಿ ತಂದ ಕಟ್ಟನ್ನೇ ಇಟ್ಟುಕೊಂಡು ತನ್ನ ಸ್ಕ್ರಿಪ್ಟನ್ನು ಓಡಿಸಿ ತೋರಿಸಿದಳು. ಪಟ್ಟಿ ಸರಿಯಾಗಿ ಬಂತು. ಸೀನಪ್ಪನವರು ಭೇಷ್ ಎಂದರು. ಆ ದಿನದಿಂದ ಅವಳೂ ಹುಷಾರಾದಳು. ಮಾತು ಮಾತಿಗೂ ಮುಖ ಗಂಟಿಕ್ಕುವ ಈ ಮನುಷ್ಯ ತನ್ನ ಕೆಲಸವನ್ನು ಕೆಡಿಸಿಯಾನು ಎಂದು, ಕಾಫಿಗೆ ಏಳುವಾಗಲೂ ಕಂಪ್ಯೂಟರಿನ ಮೇಲೆ ಬಟ್ಟೆ ಹೊದಿಸಿ ಏಳುತ್ತಿದ್ದಳು. ಆ ಬಟ್ಟೆ ನೋಡಿದಷ್ಟೂ ಅದರ ಕೆಳಗೆ ಏನೋ ಬಚ್ಚಿಟ್ಟಿದ್ದಾಳೆ ಎಂದು ಕೋದಂಡಪ್ಪನಿಗೆ ಅನಿಸುತ್ತಿತ್ತು.

ಎರ್ರಕುಂಟೆ ಅವನ ಅಕ್ಕನ ಊರು. ಅಕ್ಕಯ್ಯಮ್ಮನಿಗೆ ಗಂಡನಿರಲಿಲ್ಲ, ಮಕ್ಕಳಾಗಲೇ ಇಲ್ಲ. ಮೈದುನಂದಿರ ಮನೆಯ ಒಂದು ಕೋಣೆಯಲ್ಲಿದ್ದಳು. ಅಪ್ಪನ ಹೊಲ ಹಂಚುವಾಗ ಹೆಣ್ಣಿಗೆ ಯಾಕೆ ಭಾಗ ಎಂದು ಕೋದಂಡಪ್ಪ ತಾನೇ ಉಳಿಸಿಕೊಂಡಿದ್ದ. ಆಕೆ ಅದಕ್ಕೆ ಒಂದು ಮಾತೂ ಆಡಿರಲಿಲ್ಲ. ಆಡದೇ ಇದ್ದದ್ದಕ್ಕೂ ಅವನಿಗೆ ಒಳಗೆ ಅನುಮಾನವಿತ್ತು. ಆಕೆಗೆ ತನ್ನದು ಅಂತ ಇದ್ದದ್ದು ಒಂದೇ, ಆ ಸೀಮೆ ಹಸು.

ಕಂಪ್ಯೂಟರು ಬಂದ ಮೇಲೆ ಆ ಹಸುವಿಗೆ ಗಬ್ಬ ನಿಲ್ಲಲಿಲ್ಲ. ಸೂಜಿ ಹಾಕುವ ಆಂಜಿನಪ್ಪ ಮೊದಲೆಲ್ಲ ಬಿಸಿಲೇರುವ ಮೊದಲೇ ಎರ್ರಕುಂಟೆಗೆ ಬರುತ್ತಿದ್ದವನು, ಈಗ ಸೂರ್ಯ ಮುಳುಗುವಾಗ ಬರುತ್ತಿದ್ದ, ಇಲ್ಲವೇ ಮರುದಿನ. ಅಷ್ಟರಲ್ಲಿ ಬೆದೆ ಆರಿರುತ್ತಿತ್ತು. ಮತ್ತೆ ಬೆದೆ, ಮತ್ತೆ ಚೀಟಿ, ಮತ್ತೆ ತಡ. ಎರ್ರಕುಂಟೆಯ ಬೇರೆ ಮನೆಗಳಲ್ಲೂ ಇದೇ ಗೋಳು. ಅವರ ಮನೆಗಳಲ್ಲಿ ಬೇರೆ ಹಸುಗಳಿದ್ದವು, ತಡೆದುಕೊಂಡರು.

ಕೋದಂಡಪ್ಪ ಮೊದಲು ಆಂಜಿನಪ್ಪನನ್ನು ಹಿಡಿದ.

"ಏನಲಾ ಆಂಜಿನಪ್ಪ, ಒಸಕೆರೆಪಾಳ್ಯದೋರು ಎಷ್ಟು ಚೊಂಬು ಮಜ್ಗೆ ಕುಡಿಸ್ತಾರೆ ನಿಂಗೆ?"

"ಅಯ್ಯೋ, ನನ್ನೇನ್ ಕೇಳ್ತೀಯಣ್ಣ? ಪಟ್ಟಿ ಎಂಗೈತೋ ಅಂಗೇ ಓಯ್ತೀನಿ. ಸಾಲು ದಾಟುದ್ರೆ ನನ್ ಕೆಲ್ಸ ಓಯ್ತದೆ. ಬೇಕಾರೆ ನೀನೇ ನೋಡ್ಕ," ಎಂದು ಆಂಜಿನಪ್ಪ ಜೇಬಿನಿಂದ ಆ ದಿನದ ಪಟ್ಟಿ ತೆಗೆದು ಅವನ ಮುಂದೆ ಹಿಡಿದ.

ಕೋದಂಡಪ್ಪ ನೋಡಿದ. ಹೊಸಕೆರೆಪಾಳ್ಯ ಎಲ್ಲಕ್ಕಿಂತ ಮೇಲಿತ್ತು. ಎರ್ರಕುಂಟೆ ಎಲ್ಲಕ್ಕಿಂತ ಕೆಳಗಿತ್ತು. ಬೆಳಿಗ್ಗೆ ತನ್ನ ಕೈಯಾರೆ ಎರ್ರಕುಂಟೆಯನ್ನು ಮೇಲಿಟ್ಟು ಕೊಟ್ಟಿದ್ದ ಕಟ್ಟು ಅದು! ಅವನಿಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ, ಹೇಳಲು ನಾಚಿಕೆಯಾಗುವಂಥ ಒಂದು ಸಂತೋಷವೂ ಆಯಿತು. ಜೀವಮಾನವಿಡೀ ಅನುಮಾನಪಟ್ಟವನಿಗೆ ಕೊನೆಗೂ ಒಂದು ಕಳ್ಳತನ ಸಿಕ್ಕಿತ್ತು.

ಆಮೇಲೆ ಅವನು ಕಣ್ಣು ಮುಚ್ಚಲಿಲ್ಲ. ಹೊಸಕೆರೆಪಾಳ್ಯದ ಹೆಂಗಸೊಬ್ಬಳು ಮಾರಿಯಮ್ಮನಿಗೆ ಒಂದು ಮಡಿಲು ಅವರೆಕಾಯಿ ಕೊಟ್ಟದ್ದನ್ನು ಕಿಟಕಿಯಿಂದ ನೋಡಿದ. ಮಾರಿಯಮ್ಮ ಅದನ್ನು ಸಂಘದವರಿಗೆಲ್ಲ ಹಂಚಿ, ಅವನ ಮೇಜಿನ ಮೇಲೂ ಒಂದು ಹಿಡಿ ಇಟ್ಟಳು. ಬಾಯಿ ಮುಚ್ಚಿಸಲು ಕೊಟ್ಟದ್ದು ಎಂದುಕೊಂಡು ಅವನು ಅದನ್ನು ಮುಟ್ಟಲಿಲ್ಲ. ಇನ್ನೊಂದು ದಿನ ಅವಳ ಬೆನ್ನ ಹಿಂದೆ ನೀರು ಕುಡಿಯುವ ನೆಪದಲ್ಲಿ ನಿಂತ. ಅವಳು ಚೀಟಿಗಳನ್ನು ಅವನು ಕೊಟ್ಟ ಸಾಲಿನಲ್ಲೇ ಬೆರಳಚ್ಚು ಮಾಡಿದಳು. ಎರ್ರಕುಂಟೆ ಮೊದಲು ಬಿತ್ತು, ಹೊಸಕೆರೆಪಾಳ್ಯ ಕೊನೆಗೆ. ಒಂದು ಗುಂಡಿ ಒತ್ತಿದಳು. ಪ್ರಿಂಟರು ಕಿರುಗುಟ್ಟಿ ಉಗುಳಿದ ಕಾಗದದಲ್ಲಿ ಎಲ್ಲ ಬುಡಮೇಲಾಗಿತ್ತು. ಸಂಚು ಅವಳು ಬರೆದ ಆ ನಾಲ್ಕು ಸಾಲಿನಲ್ಲೇ ಇದೆ ಎಂದು ಅವನಿಗೆ ಖಾತ್ರಿಯಾಯಿತು.

ಅದೇ ವಾರ ಎರ್ರಕುಂಟೆಗೆ ಹೋದಾಗ ಅಕ್ಕ ಹಸುವಿನ ಮೈ ತಿಕ್ಕುತ್ತಿದ್ದಳು.

"ಗೊಡ್ಡು ಅಂತಾವ್ರೆ ಕಣ್ಲಾ ಇದುನ್ನ," ಎಂದಳು. "ಇನ್ನೊಂದು ಕಿತ ನಿಲ್ದೇ ಓದ್ರೆ ಸಂತೆಗೆ ಒಡೀತಾರಂತೆ. ಯಾವನೋ ದಳ್ಳಾಳಿ ಬಂದು ಮೈಯೆಲ್ಲ ಮುಟ್ಟಿ ನೋಡ್ಕಂಡೋದ. ಅವ್ನು ಯಾತಕ್ಕೆ ತಕ್ಕಂಡೋಯ್ತಾನೆ ಅಂತ ನಂಗೊತ್ತಿಲ್ವಾ? ನನ್ನೂ ಇಂಗೇ ಗೊಡ್ಡು ಅಂದ್ರು ಈ ಮನೆಯೋರು. ನಾನು ಮನುಷ್ಯಳು, ಮೂಲೇಲಿ ಬಿದ್ಕಂಡಿದ್ದೆ. ಇದುಕ್ಕೆ ಮೂಲೇನೂ ಇಲ್ಲ."

ಕೋದಂಡಪ್ಪ ಹಸುವಿನ ಬೆನ್ನ ಮೇಲೆ ಕೈಯಿಟ್ಟ. "ನಾನು ಇದುನ್ನ ಬಿಡಲ್ಲಕ್ಕ. ಕಳ್ಳರ್ನ ಇಡ್ದಿದೀನಿ," ಎಂದ. ಅಕ್ಕ ಅವನ ಮುಖವನ್ನು ಒಂದು ಗಳಿಗೆ ನೋಡಿ, ಮತ್ತೆ ಹಸುವಿನ ಕಡೆ ತಿರುಗಿದಳು.

ಮರುದಿನ ಅವನು ಸೀನಪ್ಪನವರ ಮುಂದೆ ಎಲ್ಲವನ್ನೂ ಒಪ್ಪಿಸಿದ. ಅವರೆಕಾಯನ್ನೂ ಬಿಡಲಿಲ್ಲ. ಸೀನಪ್ಪನವರು ಮಾರಿಯಮ್ಮನನ್ನು ಕರೆಸಿದರು. ಚೀಟಿ ಕೊಡಲು ಬಂದಿದ್ದ ಮುನಿಶಾಮಿಯೂ ಕಟ್ಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತ.

"ಏನಮ್ಮ, ನಿನ್ನ ಕಂಪ್ಯೂಟರು ಪಟ್ಟೀನ ತಿರುಗಿಸ್ತದಾ?"

"ಹೂಂ ಸಾರ್, ತಿರುಗಿಸ್ತದೆ."

"ಕೇಳುಸ್ಕಂಡ್ರಾ ಸಾರ್? ಬಾಯಿಬುಟ್ಟು ಒಪ್ಕಂಡ್ಳು!" ಎಂದ ಕೋದಂಡಪ್ಪ.

ಮಾರಿಯಮ್ಮನಿಗೆ ಏನೂ ತಿಳಿಯಲಿಲ್ಲ. "ತಿರುಗ್ಸೋಕೇ ತಾನೇ ಸಾರ್ ನಾನು ಬರೆದಿದ್ದು? ಅದಕ್ಕೆ ಸ್ಟ್ಯಾಕ್ ಅಂತಾರೆ. ನಮ್ಮಪ್ಪ ಗಣೀಲಿ ಆಳುಗಳ್ನ ಕೆಳಗಿಳಿಸೋ ಕೇಜ್ ಬಾಗಿಲು ನೋಡ್ಕೊಳ್ತಿದ್ರು. ಮೊದಲು ಹತ್ತಿದೋರು ಒಳಗಡೆ ಗೋಡೆಗೆ ಒತ್ಕೊಂಡು ನಿಲ್ಬೇಕು. ಕೊನೇಲಿ ಹತ್ತಿದೋರು ಬಾಗಿಲ ಹತ್ರ ಇರ್ತಾರೆ, ಕೆಳಗೆ ಮೊದಲು ಇಳಿಯೋರು ಅವರೇ. ಇದೂ ಅಷ್ಟೇ ಸಾರ್. ನಾನು ಟೈಪ್ ಮಾಡಿದ್ದೆಲ್ಲ ಒಂದರ ಮೇಲೊಂದು ಪೇರಿಸ್ಕೊಳುತ್ತೆ. ಆಮೇಲೆ ಮೇಲಿಂದ ಒಂದೊಂದೇ ತೆಗೆದು ಪ್ರಿಂಟ್ ಮಾಡುತ್ತೆ. ಕಟ್ಟಲ್ಲಿ ಹೊಸಕೆರೆಪಾಳ್ಯ ಮೇಲಿರುತ್ತೆ, ಎರ್ರಕುಂಟೆ ತಳದಲ್ಲಿರುತ್ತೆ. ನಾನು ಮೇಲಿಂದ ಟೈಪ್ ಮಾಡ್ತಾ ಹೋದ್ರೆ ಎರ್ರಕುಂಟೆ ಕೊನೇಲಿ ಹತ್ತುತ್ತೆ, ಮೊದಲು ಇಳಿಯುತ್ತೆ. ಹಂಗೆ ಬರ್ಲಿ ಅಂತಾನೇ ಮಾಡಿದ್ದು."

"ಸುಳ್ಳು ಬೊಗಳ್ಬೇಡ! ನಾನ್ ಕೊಡೋ ಕಟ್ನಾಗೆ ಎರ್ರಕುಂಟೆ ಮೇಲಿರ್ತದೆ!"

"ಮೇಲಿರುತ್ತಾ?" ಅವಳು ಮುನಿಶಾಮಿಯ ಕೈಯನ್ನು ನೋಡಿದಳು. "ಅದು ಹೆಂಗೆ ಸಾರ್? ಮುನಿಶಾಮಿಯಣ್ಣ ಕೊಡೋವಾಗ ತಳದಲ್ಲಿರುತ್ತಲ್ಲ? ನಾನು ಯಾವ ಊರು ಅಂತ ಗಮನಿಸ್ದೆ ಬಂದ ಹಾಗೆ ಟೈಪ್ ಮಾಡ್ತಾ ಹೋಗ್ತೀನಿ."

ಸೀನಪ್ಪನವರು ಕಟ್ಟನ್ನು ಇಸಿದುಕೊಂಡು ಕೋದಂಡಪ್ಪನ ಮುಂದಿಟ್ಟರು. "ದಿನಾ ಏನ್ ಮಾಡ್ತೀಯೋ ಅದ್ನೇ ಮಾಡು ನೋಡಣ. ಕೈ ಅಡ್ಡ ಇಡಬೇಡ."

ಕೋದಂಡಪ್ಪ ಮೊದಲ ಚೀಟಿ ಎತ್ತಿದ, ಬೆಳಕಿಗೆ ಹಿಡಿದ, ಸೀಲು ಒತ್ತಿದ, ಪಕ್ಕಕ್ಕಿಟ್ಟ. ಎರಡನೆಯದನ್ನು ಅದರ ಮೇಲಿಟ್ಟ. ಮೂರನೆಯದನ್ನು ಇಡುವಾಗ ಅವನ ಕೈ ನಿಂತಿತು. ಅವನು ಹೇಗೋ ಉಳಿದವನ್ನೂ ಇಟ್ಟು ಮುಗಿಸಿದ. ಎರ್ರಕುಂಟೆ ಮೇಲೆ ಬಂದು ಕೂತಿತು. ಇವನು ಒಂದು ಸಲ ಮಗುಚುತ್ತಿದ್ದ, ಕಂಪ್ಯೂಟರು ಮತ್ತೊಂದು ಸಲ ಮಗುಚುತ್ತಿತ್ತು. ಎರಡು ಸಲ ಮಗುಚಿದ ಕಟ್ಟು ವ್ಯಾನಿನಿಂದ ಇಳಿದ ಹಾಗೆಯೇ, ಹೊಸಕೆರೆಪಾಳ್ಯ ಮೇಲಾಗಿ, ಹೊರಗೆ ಹೋಗುತ್ತಿತ್ತು.

"ಮೊದಲನೇ ದಿನಾನೇ ಬಂದು ಕೇಳಿದೆ ಸಾರ್," ಎಂದಳು ಮಾರಿಯಮ್ಮ. ಅವಳ ಕಣ್ಣು ತುಂಬಿತ್ತು. "ಒಂದು ಮಾತು ಹೇಳಿದ್ರೆ ಆಗ್ತಿತ್ತು. ಕಳ್ಳಿ ಅಂದ್ರಲ್ಲ ನನ್ನ."

"ಇಬ್ಬರಲ್ಲಿ ಯಾರಾದ್ರೂ ಒಬ್ರು ತಿರುಗ್ಸೋದು ಬಿಡ್ರಿ," ಎಂದು ಸೀನಪ್ಪನವರು ಎದ್ದು ಹೋದರು. ಯಾರು ಎಂದು ಅವರು ಹೇಳಲಿಲ್ಲ. ಈ ಇಬ್ಬರೂ ಒಬ್ಬರನ್ನೊಬ್ಬರು ಕೇಳಲಿಲ್ಲ. ಅವಳಿಗೆ ಅವಮಾನ, ಅವನಿಗೆ ನಾಚಿಕೆ. ತಮ್ಮ ತಮ್ಮ ಮೇಜಿಗೆ ಹೋಗಿ ಸಂಜೆಯವರೆಗೆ ಮುಖ ತಗ್ಗಿಸಿಕೊಂಡು ಕೂತರು.

ವಾರ ಕಳೆಯುವ ಮೊದಲೇ ಎರ್ರಕುಂಟೆಯಿಂದ ಅಕ್ಕಯ್ಯಮ್ಮನ ಚೀಟಿ ಬಂತು. ಆ ನಡುವೆ ಆ ಊರಿನ ಚೀಟಿ ಬಂದಿರಲಿಲ್ಲ. ಬೇರೆ ಊರುಗಳಿಂದ ಒಂದೋ ಎರಡೋ ಬಂದಿದ್ದರಿಂದ ಸಾಲು ಹೇಗಾದರೂ ನಡೆದುಹೋಗಿತ್ತು. ಕೋದಂಡಪ್ಪ ಅವತ್ತು ಬಹಳ ಎಚ್ಚರದಿಂದ ಸೀಲು ಒತ್ತಿದ ಒಂದೊಂದು ಚೀಟಿಯನ್ನೂ ಕಟ್ಟಿನ ಕೆಳಗೆ ಸೇರಿಸುತ್ತ, ಕಟ್ಟನ್ನು ಮುನಿಶಾಮಿ ಕೊಟ್ಟ ಹಾಗೆಯೇ ಉಳಿಸಿ ಮಾರಿಯಮ್ಮನ ಮುಂದಿಟ್ಟ. ಪಟ್ಟಿ ಹೊರಬಂತು. ಆಂಜಿನಪ್ಪ ಅದನ್ನು ಜೇಬಿಗೆ ಹಾಕಿಕೊಂಡು ಬೈಕು ಒದೆಯುವ ಹೊತ್ತಿಗೆ ಕೋದಂಡಪ್ಪ ಓಡಿಹೋಗಿ ಇಸಿದುಕೊಂಡು ನೋಡಿದ.

ಹೊಸಕೆರೆಪಾಳ್ಯ ಮೇಲೆ. ಎರ್ರಕುಂಟೆ ತಳದಲ್ಲಿ.

ಬೇಕೆಂದೇ ಮಾಡಿದ್ದಾಳೆ, ಸೇಡು ತೀರಿಸಿಕೊಂಡಿದ್ದಾಳೆ, ನನ್ನ ಅಕ್ಕನ ಹಸು ಎಂದು ಗೊತ್ತಾಗಿ ಹೀಗೆ ಮಾಡಿದ್ದಾಳೆ. ಕಾರ್ಯದರ್ಶಿಯ ಕೋಣೆಯ ಕಡೆ ನಾಲ್ಕು ಹೆಜ್ಜೆ ಹಾಕಿಯೂಬಿಟ್ಟ. ಆದರೆ ಸೀನಪ್ಪನವರು ಆ ದಿನ ಊರಲ್ಲಿರಲಿಲ್ಲ. ಆಂಜಿನಪ್ಪ ಬೈಕಿನ ಮೇಲೆ ಕಾಯುತ್ತಿದ್ದ, ಬಿಸಿಲು ಏರುತ್ತಿತ್ತು. ದೂರು ಕೊಡಲು ಯಾರೂ ಇಲ್ಲದೆ ಕೋದಂಡಪ್ಪ ಮಾರಿಯಮ್ಮನ ಮೇಜಿನ ಮುಂದೆ ಹೋಗಿ ನಿಂತ. ಮಾತು ಹೊರಡಿಸಲು ಅವನು ಪಟ್ಟ ಪಾಡನ್ನು ನೋಡಿದವರು, ಈತನಿಗೆ ಎದೆನೋವು ಬಂದಿರಬೇಕು ಎಂದುಕೊಳ್ಳುತ್ತಿದ್ದರು.

"ಅಮ್ಮಯ್ಯ," ಎಂದ. "ನೀನು... ಏನಾರ ಬದಲಾಯ್ಸಿದೀಯಾ ಅದ್ರಾಗೆ?"

"ಹೂಂ ಸಾರ್. ನೀವು ಎಷ್ಟೋ ವರ್ಷದಿಂದ ಮಾಡ್ತಿರೋದು ಬಿಡೋದು ಬೇಡ ಅಂತ ನಾನೇ ಸ್ಟ್ಯಾಕ್ ತೆಗೆದುಬಿಟ್ಟೆ. ಈಗ ನೀವು ಕೊಟ್ಟ ಸಾಲೇ ಬರುತ್ತೆ."

"ಅಯ್ಯೋ ತಾಯಿ! ನಾನೂ ತಿರುಗ್ಸೋದು ಬಿಟ್ನಲ್ಲ!"

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವನಿಗೂ ನಗು ಬಂತು. ಬೆರಳಚ್ಚು ಮಾಡಿದ್ದು ಹಾಗೆಯೇ ಇತ್ತು. ತೆಗೆದಿದ್ದ ಸಾಲುಗಳನ್ನು ಅವಳು ಮತ್ತೆ ಬರೆದು, ಏನು ಬರೆಯುತ್ತಿದ್ದೇನೆ ಎಂದು ಅವನಿಗೆ ತೋರಿಸುತ್ತಲೇ ಗುಂಡಿ ಒತ್ತಿದಳು. ಹೊಸ ಪಟ್ಟಿ ಹಿಡಿದು ಆಂಜಿನಪ್ಪ ನೇರ ಎರ್ರಕುಂಟೆಗೆ ಹೊರಟ. ಅವತ್ತಿನಿಂದ ಕಂಪ್ಯೂಟರಿನ ಮೇಲೆ ಬಟ್ಟೆ ಬೀಳಲಿಲ್ಲ.

ಮೂರು ವಾರ ಕಳೆಯಿತು. ಹಸು ಬೆದೆಗೆ ಬರಲಿಲ್ಲ. ದಳ್ಳಾಳಿಗೆ ಇನ್ನಷ್ಟು ದಿನ ತಾಳು ಎಂದು ಅಕ್ಕಯ್ಯಮ್ಮನ ಮೈದುನಂದಿರು ಹೇಳಿ ಕಳಿಸಿದರು. ಕೊನೆಗೆ ಆಂಜಿನಪ್ಪ ಹೋಗಿ ಕೈ ಹಾಕಿ ನೋಡಿ, ಗಬ್ಬ ಗಟ್ಟಿಯಾಗಿ ನಿಂತಿದೆ ಎಂದು ಬಂದು ಹೇಳಿದ ದಿನ ಕೋದಂಡಪ್ಪ ಅರ್ಧ ದಿನ ರಜೆ ಹಾಕಿ ಎರ್ರಕುಂಟೆಗೆ ಹೋದ. ಅಕ್ಕ ಜಗಲಿಯ ಮೇಲೆ ರಾಗಿ ಕೇರುತ್ತಿದ್ದಳು. ಅವನು ಕೆಳಗೆ ಕೂತು, ಒಂದೂ ಬಿಡದೆ ಎಲ್ಲವನ್ನೂ ಹೇಳಿದ. ಯಾವ ಕಳ್ಳರೂ ಇರಲಿಲ್ಲ, ನಿನ್ನ ಚೀಟಿಯನ್ನು ಇಷ್ಟು ತಿಂಗಳು ತಳಕ್ಕೆ ಹಾಕಿದ್ದು ನನ್ನ ಕೈಯೇ ಎಂದ.

ಅಕ್ಕಯ್ಯಮ್ಮ ಮೊರ ನಿಲ್ಲಿಸಲಿಲ್ಲ. "ಗೊತ್ತಿತ್ತು ಕಣ್ಲಾ," ಎಂದಳು.

"ಏನ್ ಗೊತ್ತಿತ್ತು?"

"ನೀನೇ ಮಾಡ್ತಿದೀಯ ಅಂತ. ಇನ್ಯಾರ ಕೈ ಮೇಲೆ ಓಯ್ತದೆ ಚೀಟಿ? ಒಲದ ಭಾಗ ಕೇಳೋಕೆ ಬತ್ತಾಳೆ, ಇವ್ಳ ಕೈ ಬಲ ಆಗ್ಬಾರ್ದು ಅಂತ ನೀನೇ ಇಂಗ್ ಮಾಡ್ತಿದೀಯ ಅಂದ್ಕಂಡಿದ್ದೆ."

ಊರಿನ ಎಲ್ಲರನ್ನೂ ಅನುಮಾನಿಸಿದ್ದ ಕೋದಂಡಪ್ಪನಿಗೆ, ತನ್ನನ್ನು ಒಬ್ಬರು ಅನುಮಾನಿಸಿರಬಹುದು ಎಂದು ಒಂದು ದಿನವೂ ಹೊಳೆದಿರಲಿಲ್ಲ. ಇಷ್ಟು ತಿಂಗಳು ಬಂದಾಗಲೆಲ್ಲ ಈಕೆ ತನಗೆ ಮುದ್ದೆ ತಿರುವಿ ಬಡಿಸಿದ್ದಳು, ಮಜ್ಜಿಗೆ ಕೊಟ್ಟು ಕಳಿಸಿದ್ದಳು.

"ಅಂಗ್ ಅನ್ಕಂಡಿದ್ಮೇಲೆ ಒಂದು ಮಾತು ನನ್ನ ಕೇಳ್ಬಾರ್ದಿತ್ತಾ ಅಕ್ಕ?"

ಆಕೆ ಮೊರವನ್ನು ಮಡಿಲಿಗೆ ಇಳಿಸಿಕೊಂಡಳು.

"ಕೇಳ್ತಿದ್ದೆ. ನೀನು ಹೂಂ ಅಂದ್ಬುಟ್ಟಿದ್ರೆ? ಇರೋನು ಒಬ್ಬ ತಮ್ಮ."